ಜಾಲತಾಣ ಕಟ್ಟುವವರ ಕಾಯಕ ಮತ್ತು ಸಂಚಾರ

ನಮ್ಮ ಸಮಾಜದ ವಧು-ವರರ ಸಮಾವೇಶಗಳಲ್ಲಿ ಪರಿಚಯಪತ್ರಗಳನ್ನು ತಿರುವಿ ಹಾಕುವ ಹಿರಿಯರಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ತೊಡಕು ಎದುರಾಗುತ್ತಿದೆ. ‘ಉದ್ಯೋಗ’ ಎಂಬ ಅಂಕಣದ ಎದುರಿಗೆ ಇಂಜಿನಿಯರ್, ಉಪನ್ಯಾಸಕ, ಬ್ಯಾಂಕ್ ನೌಕರ, ಒಕ್ಕಲುತನ ಎಂದಿದ್ದರೆ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ‘ಸ್ವತಂತ್ರ ಜಾಲತಾಣ ವಿನ್ಯಾಸಕ’ ಎಂದಿದ್ದರೆ ಮಾತ್ರ ಕನ್ನಡಕವನ್ನು ಸರಿಪಡಿಸಿಕೊಂಡು ಮತ್ತೊಮ್ಮೆ ಓದುತ್ತಾರೆ. ಯಾವ ಕಂಪನಿ ಎಂದು ಕೇಳಿದರೆ ಯಾವ ಕಂಪನಿಯೂ ಅಲ್ಲ. ಕಚೇರಿ ಎಲ್ಲಿ ಎಂದರೆ ಮನೆಯ ಮೇಲಂತಸ್ತಿನ ಕೋಣೆ. ಸಂಬಳವೆಷ್ಟೆಂದರೆ ಒಂದೊಂದು ತಿಂಗಳು ಒಂದೊಂದು ಬಗೆ. ಮಗ ಹಗಲೆಲ್ಲ ಮನೆಯಲ್ಲಿಯೇ ಇರುತ್ತಾನೆ, ರಾತ್ರಿ ಒಂದು ಗಂಟೆಯವರೆಗೆ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ, ನಡುವೆ ಎರಡು ತಿಂಗಳು ಯಾವುದೋ ದೇಶಕ್ಕೆ ಹೊರಟುಬಿಡುತ್ತಾನೆ, ಇದನ್ನು ಬೀಗರ ಮುಂದೆ ಏನೆಂದು ಹೇಳಬೇಕು ಎಂದು ತಾಯಿಯೊಬ್ಬರು ನಮ್ಮೆದುರು ತೋಡಿಕೊಂಡರು. ಅವರ ಮಾತಿನಲ್ಲಿ ದೂರಿಗಿಂತ ಭಯವೇ ಹೆಚ್ಚಾಗಿತ್ತು.

ಈ ಭಯವನ್ನು ಹಗುರವಾಗಿ ಕಾಣಬಾರದು. ದುಡಿಯುವ ಕೈಯನ್ನು ಕಂಡು ಕಾಯಕವನ್ನು ಗುರುತಿಸುವುದು ನಮ್ಮ ಪರಂಪರೆಯ ರೂಢಿ. ನುಲಿಯ ಚಂದಯ್ಯನ ಕೈಯಲ್ಲಿ ಹುಲ್ಲಿನ ಹಗ್ಗ, ಮೋಳಿಗೆಯ ಮಾರಯ್ಯನ ತಲೆಯ ಮೇಲೆ ಸೌದೆಯ ಹೊರೆ, ಅಂಬಿಗರ ಚೌಡಯ್ಯನ ಕೈಯಲ್ಲಿ ಹುಟ್ಟು. ಇವೆಲ್ಲ ಕಣ್ಣಿಗೆ ಕಾಣುವಂಥವು. ಜಾಲತಾಣ ಕಟ್ಟುವವನ ಮುಂದೆ ಇರುವುದು ಒಂದು ಗಾಜಿನ ಪರದೆ ಮತ್ತು ಅದರ ಬೆಳಕು ಮಾತ್ರ. ಅವನು ದುಡಿಯುತ್ತಿದ್ದಾನೋ ಚಲನಚಿತ್ರ ನೋಡುತ್ತಿದ್ದಾನೋ ಎಂಬುದು ಬಾಗಿಲಲ್ಲಿ ನಿಂತ ತಂದೆಗೆ ತಿಳಿಯದು. ಇನ್ನೂ ಒಂದು ಸಂಗತಿಯಿದೆ. ಹಣ ಕೊಟ್ಟು ಕೆಲಸ ಮಾಡಿಸಿಕೊಂಡ ಗಿರಾಕಿಗೂ ಅವನ ಕೆಲಸದ ಅರ್ಧಭಾಗ ಎಂದೆಂದಿಗೂ ಕಾಣುವುದಿಲ್ಲ. ಈ ವೃತ್ತಿಯ ಒಳ್ಳೆಯದು ಕೆಟ್ಟದ್ದು ಎರಡೂ ಇರುವುದು ಆ ಕಾಣದ ಅರ್ಧದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಆದುದರಿಂದ ಅದನ್ನೇ ತುಸು ವಿಸ್ತಾರವಾಗಿ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಕೆಲಸದ ಸ್ವರೂಪ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯವಿದೆ. ಅಲ್ಲಿ ದುಡಿಯುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ವಿಜ್ಞಾನಿ 1989ರಲ್ಲಿ ವರ್ಲ್ಡ್ ವೈಡ್ ವೆಬ್‌ನ ಮೊದಲ ಪ್ರಸ್ತಾವವನ್ನು ಬರೆದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ಶೋಧವನ್ನು ಯಾವ ಶುಲ್ಕವೂ ಇಲ್ಲದೆ ಲೋಕದ ಸೊತ್ತನ್ನಾಗಿ ಬಿಟ್ಟುಕೊಟ್ಟಿತು. ಅಂದು ಅವರು ಒಂದೊಂದು ಪುಟಕ್ಕೆ ಇಂತಿಷ್ಟು ಎಂದು ಸುಂಕ ಕಟ್ಟಿದ್ದರೆ, ದಾವಣಗೆರೆಯ ಹುಡುಗನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ಈ ವೃತ್ತಿಗೆ ಇಳಿಯುವುದು ಸಾಧ್ಯವೇ ಇರಲಿಲ್ಲ. ಸ್ವತಂತ್ರ ವಿನ್ಯಾಸಕನ ಸ್ವಾತಂತ್ರ್ಯದ ಬೇರು ಇಲ್ಲಿದೆ.

ಜಾಲತಾಣವನ್ನು ಕಟ್ಟುವುದೆಂದರೆ ಏನು? ನಮ್ಮ ಮುದ್ರಣಾಲಯಗಳಲ್ಲಿ ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದವರನ್ನು ನೆನೆದರೆ ಸಾಕು. ಹಸ್ತಪ್ರತಿ ಕೈಗೆ ಬಂದಾಗ ಯಾವುದು ಶೀರ್ಷಿಕೆ, ಯಾವುದು ಉಪಶೀರ್ಷಿಕೆ, ಎಲ್ಲಿ ಹೊಸ ಪರಿಚ್ಛೇದ ಎಂದು ಮೊದಲು ಗುರುತು ಹಾಕುತ್ತಿದ್ದರು. ಆ ಗುರುತಿನ ಭಾಷೆಯೇ ಇಲ್ಲಿ ಹೆಚ್.ಟಿ.ಎಂ.ಎಲ್. ಶೀರ್ಷಿಕೆಗೆ ಯಾವ ಗಾತ್ರದ ಅಕ್ಷರ, ಸಾಲಿನ ನಡುವೆ ಎಷ್ಟು ಅಂತರ, ಎಷ್ಟು ಅಂಕಣ ಎಂದು ನಿರ್ಧರಿಸುವ ಭಾಷೆ ಸಿ.ಎಸ್.ಎಸ್. ಇದನ್ನು ನಾರ್ವೆ ದೇಶದ ಹೋಕೋನ್ ವಿಯುಮ್ ಲೀ ಎಂಬವರು 1994ರಲ್ಲಿ ಸೂಚಿಸಿದರು. ಮುಟ್ಟಿದರೆ ತೆರೆಯುವ, ಬರೆದರೆ ಉತ್ತರಿಸುವ ಚಲನವನ್ನು ಕೊಡುವುದು 1995ರಲ್ಲಿ ಬಂದ ಜಾವಾಸ್ಕ್ರಿಪ್ಟ್. ದೊಡ್ಡ ಕಂಪನಿಗಳಲ್ಲಿ ಇವುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಮಾಡುತ್ತಾರೆ. ಸ್ವತಂತ್ರನು ಮೊಳೆ ಜೋಡಿಸುವವನೂ ಹೌದು, ಕರಡು ತಿದ್ದುವವನೂ ಹೌದು, ಯಂತ್ರ ತಿರುಗಿಸುವವನೂ ಹೌದು. ಕೊನೆಗೆ ಬಾಕಿ ವಸೂಲಿಗೆ ಹೋಗುವವನೂ ಅವನೇ.

ಅಚ್ಚುಮೊಳೆಗೆ ಇಲ್ಲದ ಒಂದು ಕಷ್ಟ ಇಲ್ಲಿದೆ. ನಮ್ಮ ಪತ್ರಿಕೆಯ ಪುಟದ ಅಳತೆ ಎಲ್ಲ ಓದುಗರಿಗೂ ಒಂದೇ. ಜಾಲತಾಣದ ಪುಟವನ್ನಾದರೋ ಒಬ್ಬರು ಅಂಗೈಯಗಲದ ಮೊಬೈಲಿನಲ್ಲಿ, ಇನ್ನೊಬ್ಬರು ಗೋಡೆಯಗಲದ ದೂರದರ್ಶನದಲ್ಲಿ ತೆರೆಯುತ್ತಾರೆ. ನೋಡುವವನ ಪರದೆಗೆ ತಕ್ಕಂತೆ ಪುಟವು ತಾನೇ ಮೈ ಹಿಗ್ಗಿಸಿ ಕುಗ್ಗಿಸಿಕೊಳ್ಳಬೇಕೆಂಬ ಕ್ರಮವನ್ನು ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕರು 2010ರಲ್ಲಿ ಬರೆದ ಲೇಖನವೊಂದರಲ್ಲಿ ಹೆಸರಿಟ್ಟು ವಿವರಿಸಿದರು. ಇಂದು ಅದು ಈ ವೃತ್ತಿಯವರಿಗೆಲ್ಲ ನಿತ್ಯಪಾಠವಾಗಿದೆ.

ಇಪ್ಪತ್ತು ವರ್ಷಗಳ ಒಂದು ಸ್ವತಂತ್ರ ದುಡಿಮೆ

ಇಂಥ ಬದುಕು ಬಹುಕಾಲ ನಿಲ್ಲುವಂಥದೇ ಎಂಬುದು ಹಿರಿಯರ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಎಲ್ಲರೂ ಬಲ್ಲ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇವೆ. ಇಂಗ್ಲೆಂಡಿನ ರೇಚಲ್ ಆಂಡ್ರ್ಯೂ ಅವರು ಗಣಕಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರಲ್ಲ. ನೃತ್ಯ ಕಲಿತವರು, ರಂಗಭೂಮಿಯ ತೆರೆಮರೆಯ ಕೆಲಸಗಳಲ್ಲಿ ದುಡಿದವರು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಜಾಲಪುಟ ರಚಿಸುವುದನ್ನು ತಾವೇ ಕಲಿತುಕೊಂಡು, 2001ರಲ್ಲಿ ತಮ್ಮದೇ ಪುಟ್ಟ ಸಂಸ್ಥೆಯನ್ನು ಆರಂಭಿಸಿದರು. ಅಂದಿನಿಂದ 2021ರಲ್ಲಿ ಗೂಗಲ್ ಸಂಸ್ಥೆಯನ್ನು ಸೇರುವವರೆಗೆ ಇಪ್ಪತ್ತು ವರ್ಷ ಅವರು ನಿಂತದ್ದು ಸ್ವಂತ ದುಡಿಮೆಯ ಮೇಲೆ.

ಅವರು ಈ ವೃತ್ತಿಗೆ ಬಂದ ಕಾಲದಲ್ಲಿ ಪುಟದಲ್ಲಿ ಅಂಕಣಗಳನ್ನು ಮಾಡಲು ನೇರವಾದ ದಾರಿಯೇ ಇರಲಿಲ್ಲ. ಲೆಕ್ಕಪತ್ರ ತೋರಿಸಲೆಂದು ಇದ್ದ ಕೋಷ್ಟಕಗಳನ್ನು ಒಂದರೊಳಗೊಂದು ತುರುಕಿ, ಕಣ್ಣಿಗೆ ಕಾಣದ ಪಾರದರ್ಶಕ ಚಿತ್ರದ ತುಣುಕುಗಳನ್ನು ಬೆಣೆಯಂತೆ ಸೇರಿಸಿ ಪುಟವನ್ನು ನಿಲ್ಲಿಸುತ್ತಿದ್ದರು. ಹೊರಗಿನಿಂದ ಅಂದವಾಗಿಯೇ ಕಾಣುತ್ತಿತ್ತು. ಒಳಗೆ ಮಾತ್ರ ಗುಜರಿ ಅಂಗಡಿಯ ಸ್ಥಿತಿ. ಒಂದೊಂದು ಬ್ರೌಸರ್ ಒಂದೊಂದು ರೀತಿ ತೋರಿಸುತ್ತಿದ್ದುದರಿಂದ ಒಂದೇ ಕೆಲಸವನ್ನು ಎರಡೆರಡು ಸಲ ಮಾಡಬೇಕಾಗುತ್ತಿತ್ತು. ಈ ಅವ್ಯವಸ್ಥೆಯ ವಿರುದ್ಧ ವಿನ್ಯಾಸಕರೇ ಕಟ್ಟಿದ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಬಳಗದಲ್ಲಿ ರೇಚಲ್ ದುಡಿದರು. 2009ರಲ್ಲಿ ಡ್ರೂ ಮೆಕ್‌ಲೆಲನ್ ಅವರೊಡಗೂಡಿ ಪರ್ಚ್ ಎಂಬ ತಂತ್ರಾಂಶವನ್ನು ಹೊರತಂದರು. ಸಣ್ಣ ಅಂಗಡಿಯವರು, ಶಾಲೆಯವರು ತಮ್ಮ ಜಾಲತಾಣದ ಬರಹವನ್ನು ತಾವೇ ತಿದ್ದಿಕೊಳ್ಳುವಂತೆ ಮಾಡುವ ಸಾಧನ ಅದು. ಕೊಂಡವರಿಗೆ ಬರುವ ಸಂದೇಹಗಳಿಗೆ ಉತ್ತರಿಸುವ ಹೊಣೆಯೂ ಆ ಪುಟ್ಟ ಸಂಸ್ಥೆಯದೇ ಆಗಿತ್ತು. ಗಿರಾಕಿಗಳ ಕೆಲಸವೊಂದನ್ನೇ ನೆಚ್ಚಿದರೆ ಕೈ ನಿಂತ ದಿನ ಆದಾಯವೂ ನಿಲ್ಲುತ್ತದೆ. ಆದಕಾರಣ ಮಾರುವಂಥದೊಂದು ವಸ್ತುವನ್ನು ಸಿದ್ಧಪಡಿಸಿಕೊಂಡದ್ದು ಅವರ ವಿವೇಕ. ನಮ್ಮ ಯುವಕರು ಗಮನಿಸಬೇಕಾದ ಸಂಗತಿಯಿದು.

ಅವರ ಹೆಸರು ಉಳಿದಿರುವುದಾದರೋ ಗ್ರಿಡ್ ಎಂಬ ಕ್ರಮದಿಂದ. ಪುಟವನ್ನು ಅಡ್ಡಗೆರೆ ಉದ್ದಗೆರೆಗಳ ಚೌಕಟ್ಟಾಗಿ ಭಾವಿಸಿ, ಯಾವ ಭಾಗ ಎಲ್ಲಿ ಕೂರಬೇಕೆಂದು ಒಂದೆರಡು ಸಾಲಿನಲ್ಲಿ ಹೇಳಿಬಿಡುವ ವಿಧಾನವಿದು. ರಂಗೋಲಿಗೆ ಮೊದಲು ಚುಕ್ಕೆ ಇಟ್ಟುಕೊಂಡ ಹಾಗೆ. ಇದರ ಮೊದಲ ಕರಡು ಮೈಕ್ರೋಸಾಫ್ಟ್ ಸಂಸ್ಥೆಯವರಿಂದ 2011ರಲ್ಲಿ ಬಂದಿತು. ಆಗ ಹೆಚ್ಚು ಜನ ಅದರ ಕಡೆ ನೋಡಲಿಲ್ಲ. ರೇಚಲ್ ನೋಡಿದರು. ಬ್ರೌಸರ್‌ಗಳಲ್ಲಿ ಅದು ಇನ್ನೂ ನೆಲೆಗೊಳ್ಳದ ದಿನಗಳಲ್ಲಿಯೇ ಒಂದೊಂದು ಉದಾಹರಣೆಯನ್ನೂ ಕಟ್ಟಿ, ಬಿಡಿಸಿ ಬರೆದು, ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯ ಸಿ.ಎಸ್.ಎಸ್. ಸಮಿತಿಗೆ ಆಹ್ವಾನಿತ ತಜ್ಞೆಯಾಗಿ ಸೇರಿದರು. ಆ ಸಮಿತಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ದೊಡ್ಡ ದೊಡ್ಡ ಕಂಪನಿಗಳ ಪ್ರತಿನಿಧಿಗಳು. ಮುಂದೆ ನೆದರ್‌ಲೆಂಡ್ಸ್ ದೇಶದ ಫ್ರಂಟಿಯರ್ಸ್ ಎಂಬ ವೃತ್ತಿಬಾಂಧವರ ಸಂಘವು ಮಂಡಳಿಯ ಸದಸ್ಯತ್ವ ಪಡೆದು, ಕೈಯಿಂದ ಪುಟ ಕಟ್ಟುವವರ ದನಿಯೂ ಅಲ್ಲಿ ಕೇಳಲೆಂದು ಇವರನ್ನು ತನ್ನ ಪ್ರತಿನಿಧಿಯನ್ನಾಗಿ ಕಳುಹಿಸಿತು. ಕಾಯಕಜೀವಿಗಳ ಸಂಘವೊಂದು ತನ್ನವರೊಬ್ಬರನ್ನು ಪ್ರಭುಗಳ ಸಭೆಗೆ ಕಳುಹಿಸಿದಂತೆ ಎಂದು ನಮಗೆ ತೋರುತ್ತದೆ.

ಆ ವರ್ಷಗಳಲ್ಲಿ ಅವರ ಜೀವನ ಬಹುಮಟ್ಟಿಗೆ ಸಂಚಾರದ್ದು. ದೇಶದಿಂದ ದೇಶಕ್ಕೆ ಸಮ್ಮೇಳನಗಳಿಗೆ ಹೋಗಿ ಇದನ್ನೇ ಕಲಿಸಿದರು. ಒಂದೆಡೆ ಉಪನ್ಯಾಸ, ಮತ್ತೊಂದೆಡೆ ದಿನವಿಡೀ ತರಗತಿ, ಮಗದೊಂದೆಡೆ ಸಮಿತಿಯ ಸಭೆ. ಕೊನೆಗೆ 2017ರ ಮಾರ್ಚ್ ತಿಂಗಳೊಂದರಲ್ಲಿಯೇ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಬ್ರೌಸರ್‌ಗಳು ಗ್ರಿಡ್ಡನ್ನು ಅಳವಡಿಸಿಕೊಂಡವು. ಕ್ರೋಮ್ ಮತ್ತು ಸಫಾರಿಗಳ ಒಳಗೆ ಅದನ್ನು ಕಟ್ಟಿದ ಕೆಲಸದಲ್ಲಿ ದೊಡ್ಡ ಪಾಲು ಸ್ಪೇನ್ ದೇಶದ ಇಗಾಲಿಯಾ ಎಂಬ ಸಂಸ್ಥೆಯದು. ಬ್ಲೂಮ್‌ಬರ್ಗ್ ಕಂಪನಿ ಅದಕ್ಕೆ ಹಣ ನೀಡಿತು. ಇಗಾಲಿಯಾದ ವಿಶೇಷವೆಂದರೆ ಅದಕ್ಕೆ ಯಜಮಾನನೇ ಇಲ್ಲ. ದುಡಿಯುವವರೇ ಒಡೆಯರು, ಸಭೆಯಲ್ಲಿ ಕುಳಿತು ತೀರ್ಮಾನಿಸುವವರೂ ಅವರೇ. ಮೇಲುಕೀಳಿಲ್ಲದ ದುಡಿಮೆಯ ಕೂಟಗಳನ್ನು ಕುರಿತು ನಮ್ಮ ವೇದಿಕೆಗಳಲ್ಲಿ ಭಾಷಣಗಳು ಬಹಳ ಆಗುತ್ತವೆ. 2001ರಿಂದ ಅದನ್ನು ನಡೆಸಿ ತೋರಿಸುತ್ತಿರುವವರು ಗಲೀಸಿಯಾ ಪ್ರಾಂತದ ಆ ತಂತ್ರಜ್ಞರು.

ನಮ್ಮ ಮನೆಗಳಲ್ಲಿ

ಇನ್ನು ನಮ್ಮ ಮನೆಗಳ ಮಾತಿಗೆ ಬರೋಣ. ಧಾರವಾಡ, ದಾವಣಗೆರೆ, ಕಲಬುರಗಿಗಳಲ್ಲಿ ಈ ವೃತ್ತಿಯಲ್ಲಿರುವ ನಮ್ಮ ಸಮಾಜದ ಕೆಲವು ತರುಣ ತರುಣಿಯರನ್ನು ನಾವು ಮಾತನಾಡಿಸಿದೆವು. ಎಲ್ಲರೂ ಮೊದಲು ಹೇಳಿದ್ದು ಗಡಿಯಾರದ ಮಾತು. ಗಿರಾಕಿ ಲಂಡನ್ನಿನಲ್ಲಿದ್ದರೆ ಅವನ ಗಡಿಯಾರ ನಮ್ಮದಕ್ಕಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನ್ಯೂಯಾರ್ಕಿನಲ್ಲಿದ್ದರೆ ಹತ್ತೂವರೆ ಅಥವಾ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ಕುಳಿತು ಮಾತು ತೆಗೆಯುವಾಗ ಇಲ್ಲಿ ಚಳಿಗಾಲದ ರಾತ್ರಿ ಎಂಟೂವರೆ. ಊಟಕ್ಕೆ ಎಲ್ಲರೂ ಕೂರುವ ಹೊತ್ತು. ಮಗ ಊಟಕ್ಕೆ ಬರಲಿಲ್ಲವೆಂದು ತಾಯಿ ನೊಂದುಕೊಳ್ಳುವುದು, ಮಾತಿನ ನಡುವೆ ಕರೆಯುತ್ತಾರೆಂದು ಮಗ ಸಿಡುಕುವುದು ಈ ಕಾರಣದಿಂದ. ಕಲಬುರಗಿಯ ಮನೆಯೊಂದರಲ್ಲಿ ಗೋಡೆಗೆ ಎರಡು ಗಡಿಯಾರ ತೂಗುಹಾಕಿದ್ದಾರೆ. ಎರಡನೆಯದು ಗಿರಾಕಿಯ ಊರಿನದು. ಅಜ್ಜಿಯೂ ಅದನ್ನು ನೋಡಿ, ಅಲ್ಲಿ ಸಂಜೆ ಐದಾಯಿತು, ಇನ್ನು ಎದ್ದು ಬರುತ್ತಾನೆ ಎಂದು ಹೇಳುವಷ್ಟು ರೂಢಿಯಾಗಿದೆಯಂತೆ.

ಎರಡನೆಯದು ಹಣದ ಮಾತು. ಕೆಲಸ ಒಪ್ಪಿಕೊಳ್ಳುವಾಗ ಒಂದು ಭಾಗ ಮುಂಗಡ, ವಿನ್ಯಾಸ ಒಪ್ಪಿಗೆಯಾದಾಗ ಒಂದು ಭಾಗ, ಜಾಲತಾಣ ಲೋಕಕ್ಕೆ ತೆರೆದಾಗ ಉಳಿದದ್ದು. ಬರವಣಿಗೆಯ ಕರಾರಿಲ್ಲದೆ, ಮುಂಗಡವಿಲ್ಲದೆ ಕೆಲಸಕ್ಕೆ ಕೈ ಹಾಕಬಾರದೆಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ನಾವು ಕಂಡವರಲ್ಲಿ ಒಬ್ಬರಿಗೆ ನಾಲ್ಕು ತಿಂಗಳ ದುಡಿಮೆಯ ಕೊನೆಯ ಕಂತು ಇಂದಿಗೂ ಬಂದಿಲ್ಲ. ಬಂಧುಗಳ ಕೆಲಸವಾದರೆ ಕರಾರು ಕೇಳಲು ಸಂಕೋಚ, ಮುಗಿದ ಮೇಲೆ ಹಣ ಕೇಳಲು ಇನ್ನೂ ಸಂಕೋಚ. ‘ನಮ್ಮ ಹುಡುಗನೇ ತಾನೆ, ಮಾಡಿಕೊಡುತ್ತಾನೆ’ ಎಂಬ ಮಾತಿನಿಂದ ನಮ್ಮ ಸಮಾಜದಲ್ಲಿ ಎಷ್ಟು ದುಡಿಮೆ ಬಿಟ್ಟಿಯಾಗಿ ಹೋಗಿದೆಯೋ!

ಇದರ ಜೊತೆಗೆ ಲೆಕ್ಕಪತ್ರ. ವರ್ಷದ ಆದಾಯ 20 ಲಕ್ಷ ರೂಪಾಯಿ ಮೀರಿದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಆಗಬೇಕು. ಹೊರದೇಶಕ್ಕೆ ಸೇವೆ ಒದಗಿಸಿ ವಿದೇಶೀ ಹಣದಲ್ಲಿ ಪಡೆದದ್ದು ರಫ್ತು ಎನಿಸುವುದರಿಂದ, ನೋಂದಣಿಯಾದವರು ಮುಚ್ಚಳಿಕೆ ಸಲ್ಲಿಸಿ ಆ ತೆರಿಗೆಯನ್ನು ಕಟ್ಟದೆ ಸೇವೆ ಕಳುಹಿಸಬಹುದು. ಹಣ ಬಂದುದಕ್ಕೆ ಬ್ಯಾಂಕಿನ ಪತ್ರವನ್ನು ತಪ್ಪದೆ ತೆಗೆದಿಡಬೇಕು. ಭವಿಷ್ಯನಿಧಿ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ರಜೆ ಇಲ್ಲ. ಆರೋಗ್ಯ ವಿಮೆಯನ್ನೂ ಮುಪ್ಪಿನ ಉಳಿತಾಯವನ್ನೂ ತಾನೇ ಮಾಡಿಕೊಳ್ಳಬೇಕು. ಹೆಣ್ಣು ಕೊಡುವವರು, ಗಂಡು ಕೊಡುವವರು ವಿಚಾರಿಸಬೇಕಾದುದು ಯಾವ ಕಂಪನಿ ಎಂದಲ್ಲ. ಆರು ತಿಂಗಳು ಕೆಲಸ ಬಾರದಿದ್ದರೆ ಮನೆ ನಡೆಯುವಷ್ಟು ಕಾದಿರಿಸಿದ ಹಣವಿದೆಯೇ, ಮೂರು ವರ್ಷದ ಆದಾಯ ತೆರಿಗೆಯ ಪತ್ರಗಳಿವೆಯೇ ಎಂದು. ಇವೆರಡೂ ಇದ್ದವನ ಬದುಕು ಎಷ್ಟೋ ನೌಕರಿಗಳಿಗಿಂತ ಭದ್ರವಾದುದು.

ಸಂಚಾರ

ಪ್ರಯಾಣವನ್ನು ಕುರಿತು ನಮ್ಮ ಹಿರಿಯರಲ್ಲಿ ಇರುವಷ್ಟು ತಪ್ಪುಗ್ರಹಿಕೆ ಬೇರಾವುದರಲ್ಲಿಯೂ ಇಲ್ಲ. ಲ್ಯಾಪ್‌ಟಾಪು ಮತ್ತು ಅಂತರ್ಜಾಲ ಇದ್ದಲ್ಲಿ ಈ ಕೆಲಸ ನಡೆಯುತ್ತದೆ. ಆದಕಾರಣ ಊರೂರು ತಿರುಗುತ್ತ ದುಡಿಯುವುದು ಸಾಧ್ಯ. ಕೆಲವರು ಇವರನ್ನು ‘ಹೊಸಕಾಲದ ಜಂಗಮರು’ ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ಆ ಪದವನ್ನು ಅಷ್ಟು ಅಗ್ಗವಾಗಿ ಬಳಸುವುದು ನಮಗೆ ಸರಿದೋರದು. ಸಂಚಾರ ಮಾಡಿದವರೆಲ್ಲ ಜಂಗಮರಾಗುವುದಿಲ್ಲ. ಹಾಗೆಂದು ಅವರ ಸಂಚಾರವೆಲ್ಲ ಮೋಜು ಎನ್ನುವುದೂ ಅನ್ಯಾಯ.

ಧಾರವಾಡದ ಒಬ್ಬ ತರುಣಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯಿ ನಗರದಲ್ಲಿ ಎರಡು ತಿಂಗಳಿದ್ದು ಬಂದಿದ್ದಾರೆ. ಸುತ್ತ ಕಂದಕವಿರುವ ಚೌಕಾಕಾರದ ಹಳೆಯ ಪೇಟೆ, ಪಶ್ಚಿಮಕ್ಕೆ ದೋಯಿ ಸುತೇಪ್ ಬೆಟ್ಟ, ಅದರ ಮೇಲೊಂದು ಬೌದ್ಧ ದೇವಾಲಯ. ಅನೇಕ ದೇಶಗಳ ಸ್ವತಂತ್ರ ವಿನ್ಯಾಸಕರು ಅಲ್ಲಿ ನೆರೆದು ಬಾಡಿಗೆಯ ಮೇಜುಗಳಲ್ಲಿ ಕುಳಿತು ದುಡಿಯುತ್ತಾರೆ. ಅಲ್ಲಿಯ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಲಂಡನ್ನಿನ ಗಿರಾಕಿಗಳಿರುವವರಿಗೆ ರಾತ್ರಿಯ ದುಡಿಮೆ ಇನ್ನಷ್ಟು ಉದ್ದವಾಗುತ್ತದೆ. ಹಾಗಿದ್ದರೆ ಹೋದದ್ದೇಕೆಂದು ನಾವು ಕೇಳಿದೆವು. ಮನೆಯ ಕೋಣೆಯಲ್ಲಿ ಒಬ್ಬಳೇ ಆರು ವರ್ಷ ದುಡಿದ ಮೇಲೆ, ತನ್ನ ಕೆಲಸದಲ್ಲಿ ತಪ್ಪು ಹುಡುಕಬಲ್ಲವರ ಪಕ್ಕದಲ್ಲಿ ಕೂರಬೇಕೆನಿಸಿತು ಎಂದರು. ಕಂಪನಿಯ ನೌಕರನಿಗೆ ಮೇಲಧಿಕಾರಿ ಇರುತ್ತಾನೆ, ಸಹೋದ್ಯೋಗಿ ಇರುತ್ತಾನೆ. ಒಂಟಿಯಾಗಿ ದುಡಿಯುವವರಿಗೆ ಗುರುವೂ ಇಲ್ಲ, ಗೆಳೆಯರೂ ಇಲ್ಲ. ಕಲಿಯಲು ಹೊರಡಲೇಬೇಕಾಗುತ್ತದೆ.

ಸಸ್ಯಾಹಾರದ ಚಿಂತೆ ನಮ್ಮ ಮನೆಗಳಲ್ಲಿ ಸಹಜ. ಆ ದೇಶದಲ್ಲಿ ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಫಲಕವಿದ್ದರೆ ಅಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಆ ಒಂದು ಅಕ್ಷರವನ್ನು ಗುರುತಿಸಲು ಕಲಿತರೆ ಉಪವಾಸ ಬೀಳುವ ಭಯವಿಲ್ಲವೆಂದು ಆಕೆ ನಕ್ಕರು. ಪೂಜೆಗೆ ಮಾತ್ರ ತೊಂದರೆಯೇ ಇಲ್ಲ. ಇಷ್ಟಲಿಂಗ ಅಂಗದ ಮೇಲಿರುವವರಿಗೆ ಗುಡಿಯಿರುವ ಊರು, ಗುಡಿಯಿಲ್ಲದ ಊರು ಎಂಬ ಭೇದವಿಲ್ಲವಷ್ಟೆ. ಬೆಳ್ಳಿಯ ಕರಡಿಗೆ ಧರಿಸಿದವರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಂತ್ರ ಕೂಗಿಕೊಂಡಾಗ ಸಮಾಧಾನದಿಂದ ವಿವರಿಸಲು ಸಿದ್ಧರಿರಬೇಕು, ಅಷ್ಟೆ. ಬಟ್ಟೆಯ ವಸ್ತ್ರದಲ್ಲಿ ಕಟ್ಟಿಕೊಂಡು ಹೋದರೆ ಆ ರಗಳೆಯೂ ಇಲ್ಲ.

ಪರವಾನಗಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪ್ರವಾಸಿಯ ವೀಸಾದಲ್ಲಿ ಹೋಗಿ ಕುಳಿತು ದುಡಿಯುವುದು ಅನೇಕ ದೇಶಗಳ ಕಾನೂನಿಗೆ ವಿರುದ್ಧ. ಎಸ್ಟೋನಿಯಾ ದೇಶವು 2020ರಲ್ಲಿ ಇಂಥ ದುಡಿಮೆಗಾರರಿಗೆಂದೇ ಪ್ರತ್ಯೇಕ ವೀಸಾ ಆರಂಭಿಸಿತು. ಥಾಯ್ಲೆಂಡ್ 2024ರ ಜುಲೈನಲ್ಲಿ ಐದು ವರ್ಷ ಅವಧಿಯ, ಒಂದು ಸಲಕ್ಕೆ 180 ದಿನ ತಂಗಬಹುದಾದ ವೀಸಾವನ್ನು ಜಾರಿಗೆ ತಂದಿತು. ಅದಕ್ಕೆ 5 ಲಕ್ಷ ಬಾತ್ ಹಣವಿರುವುದಕ್ಕೆ ದಾಖಲೆ ತೋರಿಸಬೇಕು. ಮಕ್ಕಳು ಹೊರಡುವಾಗ ಟಿಕೆಟ್ಟಿನ ಬೆಲೆ ಕೇಳುವ ತಂದೆತಾಯಿಗಳು ವೀಸಾ ಯಾವ ಬಗೆಯದೆಂದೂ ಕೇಳುವುದು ಲೇಸು.

ಕಾಣದ ಅರ್ಧ

ಆರಂಭದಲ್ಲಿ ಹೇಳಿದ ಮಾತಿಗೆ ಈಗ ಬರುತ್ತೇವೆ. ಗಿರಾಕಿಗೆ ಕಾಣುವುದು ಬಣ್ಣ, ಚಿತ್ರ, ಅಕ್ಷರ. ಕಾಣದಿರುವುದು ಅವುಗಳ ಹಿಂದಿನ ಬರವಣಿಗೆ. ಅದು ಹೇಗಿದ್ದರೇನಂತೆ ಎಂದರೆ, ಕಣ್ಣಿಲ್ಲದವರನ್ನು ಕೇಳಿ ನೋಡಬೇಕು. ಅವರು ಜಾಲತಾಣವನ್ನು ಕಿವಿಯಿಂದ ಓದುತ್ತಾರೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಮತ್ತು ಜೇಮ್ಸ್ ಟೇ ಎಂಬ ಇಬ್ಬರು ಅಂಧರು ಎನ್.ವಿ.ಡಿ.ಎ. ಎಂಬ ತಂತ್ರಾಂಶವನ್ನು ಲೋಕಕ್ಕೆ ಉಚಿತವಾಗಿ ಕೊಟ್ಟಿದ್ದಾರೆ. 2006ರಲ್ಲಿ ಆರಂಭವಾದ ಅದು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ಆದರೆ ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸದೆ ಬರಿಯ ದಪ್ಪಕ್ಷರ ಮಾಡಿದ್ದರೆ, ಚಿತ್ರಕ್ಕೆ ವಿವರಣೆ ಬರೆದಿರದಿದ್ದರೆ, ಪುಟದ ಭಾಷೆ ಕನ್ನಡವೆಂದು ಒಂದು ಪದದಲ್ಲಿ ಸೂಚಿಸಿರದಿದ್ದರೆ, ಅದು ತಡವರಿಸುತ್ತದೆ. ಈ ಮೂರನ್ನೂ ಮಾಡದೆ ಬಿಟ್ಟರೆ ಗಿರಾಕಿಗೆ ತಿಳಿಯುವುದೇ ಇಲ್ಲ. ಹಣವೂ ಅಷ್ಟೇ ಬರುತ್ತದೆ. ಅಮೆರಿಕದ ವೆಬ್‌ಏಮ್ ಸಂಸ್ಥೆಯು 2024ರಲ್ಲಿ 10 ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ಶೇಕಡಾ 95.9ರಷ್ಟರಲ್ಲಿ ಇಂಥ ಲೋಪಗಳು ಸಿಕ್ಕವು. ನಮ್ಮ ದೇಶದಲ್ಲಿ ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಡಿಜಿಟಲ್ ಸೌಲಭ್ಯಗಳು ಎಲ್ಲರಿಗೂ ಎಟುಕುವಂತಿರುವುದು ಜೀವಿಸುವ ಹಕ್ಕಿನದೇ ಭಾಗವೆಂದು ತೀರ್ಪಿತ್ತಿದೆ. ಆದರೂ ಮೇಲಂತಸ್ತಿನ ಕೋಣೆಯಲ್ಲಿ ರಾತ್ರಿ ಹನ್ನೆರಡಕ್ಕೆ ಆ ವಿವರಣೆಯ ಸಾಲನ್ನು ಬರೆಯಬೇಕೋ ಬಿಡಬೇಕೋ ಎಂದು ನಿರ್ಧರಿಸುವವನು ಒಬ್ಬನೇ. ನೋಡುವವರು ಯಾರೂ ಇಲ್ಲ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ತಡೆದು, ಹೆಚ್ಚಾದುದನ್ನು ಚೆಲ್ಲಿದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಆ ಹೆಚ್ಚಳವನ್ನು ಕಂಡವರು ಮತ್ತಾರೂ ಇರಲಿಲ್ಲ, ಮನೆಯಾಕೆ ಕಂಡಳು. ಕಾಣದ ಅರ್ಧವನ್ನು ಅರೆಬರೆ ಮಾಡಿ ಪೂರ್ಣ ಹಣ ತರುವ ಮಗನನ್ನು ತಡೆದು ಕೇಳಲು ಮನೆಯವರಿಗೆ ಆ ಕೆಲಸದ ಗಂಧವಾದರೂ ಇರಬೇಕಲ್ಲವೆ? ನಿನ್ನ ಜಾಲತಾಣವನ್ನು ಕಣ್ಣು ಮುಚ್ಚಿ ಓದಬಹುದೇನಪ್ಪ ಎಂಬ ಒಂದು ಪ್ರಶ್ನೆಯನ್ನು ಯಾವ ತಾಯಿಯೂ ಕೇಳಬಹುದು.

ಇದೇ ಪ್ರಶ್ನೆಯನ್ನು ನಮ್ಮ ಮಠಮಾನ್ಯಗಳ, ಸಂಘಸಂಸ್ಥೆಗಳ ಜಾಲತಾಣಗಳಿಗೂ ಕೇಳಬೇಕಾಗಿದೆ. ಪ್ರವಚನ, ಅನುಭಾವಗೋಷ್ಠಿ, ಜಾತ್ರೆಗಳ ಆಮಂತ್ರಣವನ್ನು ಪೂರ್ತಿಯಾಗಿ ಒಂದು ಚಿತ್ರವನ್ನಾಗಿ ಮಾಡಿ ಹಾಕಿಬಿಡುವುದು ಎಲ್ಲೆಡೆಯ ರೂಢಿ. ಕಣ್ಣಿಲ್ಲದವರಿಗೆ ಅದು ಬರಿಯ ಮೌನ. ಇನ್ನು ಕೆಲವೆಡೆ ಹಳೆಯ ಸಂಕೇತ ಕ್ರಮದಲ್ಲಿ ಬೆರಳಚ್ಚಾದ ಕನ್ನಡವನ್ನು ಹಾಗೆಯೇ ಏರಿಸಿರುತ್ತಾರೆ. ಆ ಅಕ್ಷರಶೈಲಿಯಿಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ಇಂದಿಗೂ ಅದನ್ನು ಬಳಸದಿರಲು ಕಾರಣವೇ ಇಲ್ಲ. ಸರಿಯಾಗಿ ಮಾಡಿದರೆ ಏನಾಗುತ್ತದೆಂಬುದಕ್ಕೆ ‘ವಚನ ಸಂಚಯ’ವೇ ಸಾಕ್ಷಿ. ಹಗಲು ತಮ್ಮ ತಮ್ಮ ಉದ್ಯೋಗ, ಬಿಡುವಿನಲ್ಲಿ ಇದು ಎಂದು ದುಡಿದ ಸ್ವಯಂಸೇವಕರು 20,000ಕ್ಕೂ ಮಿಕ್ಕಿದ ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿಟ್ಟಿದ್ದಾರೆ. ಒಂದು ಪದವನ್ನು ಯಾವ ಯಾವ ಶರಣರು ಎಷ್ಟೆಷ್ಟು ಸಲ ಬಳಸಿದ್ದಾರೆಂದು ಕುಳಿತಲ್ಲಿಯೇ ತಿಳಿಯಬಹುದು. ಹಿಂದೆ ಇದಕ್ಕೆ ವಿದ್ವಾಂಸರು ವರ್ಷಗಟ್ಟಲೆ ಚೀಟಿ ಬರೆದಿಡಬೇಕಾಗಿತ್ತು.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ವೃತ್ತಿಗೆ ಹೊಸ ಕಳವಳ ಸೇರಿಕೊಂಡಿದೆ. ಬಾಯಲ್ಲಿ ಹೇಳಿದರೆ ಪುಟ ಬರೆದುಕೊಡುವ ಯಂತ್ರಗಳಿವೆ. ಐದು ಪುಟದ ಸಣ್ಣ ಜಾಲತಾಣ ಮಾಡಿಕೊಟ್ಟು ಜೀವಿಸುತ್ತಿದ್ದವರಿಗೆ ಕೆಲಸ ಕಡಿಮೆಯಾಗಿದೆಯೆಂದು ದಾವಣಗೆರೆಯ ತರುಣ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಯಂತ್ರ ಬರೆದುದನ್ನು ತಿದ್ದುವ ಕೆಲಸವೇ ಈಗ ಅವರಿಗೆ ಹೆಚ್ಚು ಬರುತ್ತಿದೆಯಂತೆ. ನೋಡಲು ಚೆನ್ನಾಗಿರುತ್ತದೆ, ಒಳಗೆ ಕೈಯಾಡಿಸಿದರೆ ತಿಳಿಯುತ್ತದೆ ಎಂದರು. ಈ ವೃತ್ತಿಗೆ ಹೊಸದಾಗಿ ಬರಬಯಸುವ ಮಕ್ಕಳಿಗೆ ಮೊದಲ ಮೂರು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಅನುಭವಿಗಳ ಕೈಕೆಳಗೆ ದುಡಿದು ಬರುವುದು ಒಳಿತೆಂದು ನಮಗೂ ತೋರುತ್ತದೆ.

ಕೊನೆಯದಾಗಿ ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಒಂದು ಮಾತು. ಭಕ್ತರ ಮನೆಯ ಹುಡುಗನೊಬ್ಬ ಸೇವೆಯೆಂದು ಜಾಲತಾಣ ಮಾಡಿಕೊಡುತ್ತಾನೆ. ಅದರ ಹೆಸರನ್ನು ತನ್ನ ಸ್ವಂತ ಮಿಂಚಂಚೆಯಿಂದ ನೋಂದಾಯಿಸಿರುತ್ತಾನೆ. ಮುಂದೆ ಅವನು ಬೇರೆ ಊರಿಗೆ ಹೋಗುತ್ತಾನೆ, ವಿಳಾಸ ಬದಲಾಗುತ್ತದೆ, ಅವಧಿ ಮುಗಿಯುವ ಸೂಚನೆಯನ್ನು ಯಾರೂ ಓದುವುದಿಲ್ಲ. ನವೀಕರಣವಾಗದ ಹೆಸರನ್ನು ಬೇರೆ ಯಾರೋ ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಿದ ಪ್ರಸಂಗವೂ ನಮ್ಮ ಗಮನಕ್ಕೆ ಬಂದಿದೆ. ಆದುದರಿಂದ ಹೆಸರಿನ ನೋಂದಣಿ ಸಂಸ್ಥೆಯ ಹೆಸರಿನಲ್ಲಿಯೇ ಇರಲಿ. ಗುಪ್ತಪದಗಳನ್ನು ಕಾಗದದ ಮೇಲೆ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಠರಾವು ಪುಸ್ತಕದ ಜೊತೆ ಕಪಾಟಿನಲ್ಲಿಡಿರಿ. ನವೀಕರಣದ ದಿನಾಂಕವನ್ನು ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿರಿ. ಕೆಲಸ ಮಾಡಿಕೊಟ್ಟ ಹುಡುಗನಿಗೆ ಶಾಲು ಹೊದಿಸುವುದರ ಜೊತೆಗೆ, ವರ್ಷಕ್ಕೊಮ್ಮೆ ನಿರ್ವಹಣೆಯ ವೆಚ್ಚವೆಂದು ಇಂತಿಷ್ಟು ಹಣವನ್ನು ಆಯವ್ಯಯದಲ್ಲಿ ತೆಗೆದಿಡಿರಿ.